ಹುಲಿ ಮರಿ ಹುಟ್ಟಿತಂತೆ, ಸರಿ. ನಮಗೆ ತೋರಿಸೋದು ಯಾವಾಗ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಮಾತನ್ನು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಈ ಸಲದ ವಿಷಯ ನಾವು ಆರಿಸಿದ್ದಲ್ಲ, ಕೇಳುಗರೊಬ್ಬರು ಕಳಿಸಿದ್ದು. ಕೂಡ್ಲಿಗಿ ತಾಲ್ಲೂಕಿನ ಕಾನಾಹೊಸಹಳ್ಳಿ ಕಡೆಯವರು. ವಾಟ್ಸ್ಆ್ಯಪ್‌ನಲ್ಲಿ ಒಂದು ವಾಯ್ಸ್ ಮೆಸೇಜ್ ಹಾಕಿದ್ದಾರೆ. ದನಿಯಲ್ಲಿ ಸ್ವಲ್ಪ ಸಿಟ್ಟೂ ಇದೆ. ಅವರ ಮಾತಲ್ಲೇ ಹೇಳ್ತೀನಿ:

‘ಅಲ್ಲ ಸರ್, ಹುಲಿ ಮರಿ ಹಾಕೈತಿ ಅಂತ ಪೇಪರ್‌ನಾಗೆ ಫೋಟೋ ಸಮೇತ ಹಾಕ್ತಾರೆ. ಕೆಲಸ ಬಿಟ್ಟು, ಮಕ್ಕಳನ್ನ ಕರ್ಕೊಂಡು, ಅಷ್ಟು ದೂರ ಹೋದ್ರೆ ಮರಿ ಹೊರಗೆ ಬಿಡಲ್ಲ, ಇನ್ನೂ ಟೈಮ್ ಐತಿ ಅಂತಾರೆ. ತೋರ್ಸದೇ ಇರಂಗಿದ್ರೆ ಪೇಪರ್‌ನಾಗೆ ಯಾಕೆ ಹಾಕ್ಬೇಕು? ನನ್ ಮಗಳು ದಾರಿ ತುಂಬ ಅತ್ಲು ಸರ್.’

ಯಾವ ಮೃಗಾಲಯ ಅನ್ನೋದು ಬೇಡ. ಪ್ರಶ್ನೆ ಮಾತ್ರ ನ್ಯಾಯವಾದದ್ದೇ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕಿನವರಿಗೆ ಮೃಗಾಲಯ ಅಂದ್ರೆ ಹಿಂದೆಲ್ಲ ಮೈಸೂರು. ಶಾಲೆಯ ಪ್ರವಾಸದಲ್ಲಿ ಜೀವನದಲ್ಲಿ ಒಂದು ಸಲ ಹೋಗಿ ಬರೋ ಜಾಗ. ಈಗ ಹಾಗಿಲ್ಲ. ಹಂಪಿ ಪಕ್ಕದ ಕಮಲಾಪುರದಲ್ಲಿ, ಬಿಳಿಕಲ್ ಅರಣ್ಯದಲ್ಲಿ, 2017ರಿಂದ ಅಟಲ್ ಬಿಹಾರಿ ವಾಜಪೇಯಿ ಜೂಲಾಜಿಕಲ್ ಪಾರ್ಕ್ ಇದೆ. ಬಳ್ಳಾರಿಯ ಹಳೇ ಮಿನಿ ಜೂನಲ್ಲಿದ್ದ ಪ್ರಾಣಿಗಳೂ ಅಲ್ಲಿಗೇ ಬಂದವು. ಹುಲಿ ಸಫಾರಿಯೂ ಇದೆ. ಹಡಗಲಿಯವರು ಹೊಳೆ ದಾಟಿದ್ರೆ ಗದಗಿನ ಬಿಂಕದಕಟ್ಟಿ, ಹರಪನಹಳ್ಳಿಯವರಿಗೆ ದಾವಣಗೆರೆ ಹತ್ತಿರದ ಆನಗೋಡು, ಕೂಡ್ಲಿಗಿಯವರು ದಕ್ಷಿಣಕ್ಕೆ ಇಳಿದ್ರೆ ಚಿತ್ರದುರ್ಗದ ಆಡುಮಲ್ಲೇಶ್ವರ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಮನೆ ಸೇರಬಹುದು. ಹೀಗೆ ಮೃಗಾಲಯ ಹತ್ತಿರ ಬಂದಿರೋದ್ರಿಂದಲೇ ಈ ಪ್ರಶ್ನೆಯೂ ಹತ್ತಿರ ಬಂದಿದೆ. ಹುಲಿ ಮರಿ ಹುಟ್ಟಿದ ದಿನಕ್ಕೂ, ಅದು ಜನರ ಕಣ್ಣಿಗೆ ಬೀಳೋ ದಿನಕ್ಕೂ ನಡುವೆ ತಿಂಗಳುಗಟ್ಟಲೆ ಅಂತರ ಯಾಕೆ? ಅಷ್ಟು ದಿನ ಒಳಗೆ ಏನು ನಡೀತಿರುತ್ತೆ?

ಮೊದಲಿಂದ ಶುರು ಮಾಡೋಣ. ಹುಲಿಯ ಗರ್ಭಾವಧಿ ಅಂದಾಜು 105 ದಿನ. ಅಂದ್ರೆ ಮೂರೂವರೆ ತಿಂಗಳು. ಅಷ್ಟು ದೊಡ್ಡ ಪ್ರಾಣಿಗೆ ಇದು ಬಹಳ ಕಡಿಮೆ. ನಮ್ಮ ಎಮ್ಮೆ ಹತ್ತು ತಿಂಗಳು ಹೊರುತ್ತೆ, ಹುಟ್ಟಿದ ಕರು ಸ್ವಲ್ಪ ಹೊತ್ತಿಗೇ ಎದ್ದು ನಿಂತು ಕೆಚ್ಚಲು ಹುಡುಕುತ್ತೆ. ಹುಲಿ ಮರಿ ಹಾಗಲ್ಲ. ಹುಟ್ಟಿದಾಗ ತೂಕ ಒಂದು ಕೆಜಿ ಆಸುಪಾಸು. ಕಣ್ಣು ಮುಚ್ಚಿರುತ್ತೆ, ಬಿಡೋದಕ್ಕೆ ಒಂದೆರಡು ವಾರ ಬೇಕು. ತನ್ನ ಮೈ ತಾನೇ ಬೆಚ್ಚಗಿಟ್ಟುಕೊಳ್ಳೋಕೂ ಬರಲ್ಲ. ತಾಯಿಯ ಹೊಟ್ಟೆಗೆ ಅಂಟಿಕೊಂಡಿದ್ರೆ ಮಾತ್ರ ಬದುಕು. ಒಂದು ಸೂಲಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿ. ಅಪರೂಪಕ್ಕೆ ಹೆಚ್ಚು.

ಹೀಗಾಗಿ ಮೊದಲ ಹದಿನೈದು ದಿನ ‘ತೋರಿಸೋದು’ ಅನ್ನೋ ಮಾತೇ ಹುಟ್ಟೋದಿಲ್ಲ. ಗರ್ಭ ಗೊತ್ತಾದ ಮೇಲೆ ಗಂಡು ಹುಲಿಯನ್ನ ಬೇರೆ ಮಾಡ್ತಾರೆ. ಹೆರಿಗೆಗೆ ಒಂದು ಕತ್ತಲ ಕೋಣೆ ಸಿದ್ಧ ಮಾಡ್ತಾರೆ. ನೆಲ ಬರೀ ಸಿಮೆಂಟ್ ಆದ್ರೆ ತಂಡಿ ಹಿಡಿಯುತ್ತೆ, ಹಾಗಾಗಿ ಮರದ ಹಲಗೆ, ಒಣಹುಲ್ಲು. ಒಳಗೆ ಕ್ಯಾಮೆರಾ. ಆ ಕಡೆ ಓಡಾಡೋಕೆ ಒಬ್ಬನೇ ಕೀಪರ್‌ಗೆ ಅನುಮತಿ, ಅದೂ ಆ ಹುಲಿಗೆ ವರ್ಷಗಳಿಂದ ಪರಿಚಯ ಇರೋನು. ಊಟ ಇಟ್ಟ, ನೀರು ಬದಲಿಸಿದ, ಹೊರಟ. ವೈದ್ಯರು ಬೇರೆ ಕೋಣೆಯಲ್ಲಿ ಕೂತು ಪರದೆ ಮೇಲೆ ನೋಡ್ತಾರೆ. ಮರಿಗಳು ಮೊಲೆ ಹಿಡಿದವಾ, ತಾಯಿ ನೆಕ್ಕಿ ಒರೆಸ್ತಾ ಇದೆಯಾ, ಎಷ್ಟು ಹೊತ್ತು ಮಲಗಿತು.

ನಮ್ಮ ಹಳ್ಳಿಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಬಾಣಂತಿ ಕೋಣೆ ಹೇಗಿರುತ್ತಿತ್ತು, ನೆನಪು ಮಾಡಿಕೊಳ್ಳಿ. ಮಬ್ಬುಗತ್ತಲು, ಬೆಚ್ಚಗೆ, ಬಾಗಿಲಿಗೆ ಪರದೆ. ಹೊರಗಿಂದ ಬಂದವರು ಕಾಲು ತೊಳೀಬೇಕು. ಕೂಸು ನೋಡೋಕೆ ಬಂದವರನ್ನ ಅಜ್ಜಿ ಹೊಸ್ತಿಲಾಚೆಯೇ ನಿಲ್ಲಿಸ್ತಿದ್ದಳು. ಮೃಗಾಲಯದ ವೈದ್ಯರು ಮಾಡೋದೂ ಹೆಚ್ಚು ಕಮ್ಮಿ ಆ ಅಜ್ಜಿಯ ಕೆಲಸವೇ.

ಇನ್ನೊಂದು ಮಾತು ನಮ್ಮ ಮನೆಗಳಲ್ಲಿ ಕೇಳಿರ್ತೀರಿ, ಬೆಕ್ಕು ಮರಿಗಳನ್ನ ಏಳು ಮನೆ ಸುತ್ತಿಸುತ್ತೆ ಅಂತ. ಅಟ್ಟದ ಮೇಲೆ ಮರಿ ಹಾಕಿರುತ್ತೆ, ನಾವು ಎರಡು ಸಲ ಇಣುಕಿ ನೋಡಿದ್ರೆ ಮೂರನೇ ದಿನ ಮರಿಗಳು ಅಲ್ಲಿರಲ್ಲ. ಹುಲಿಯೂ ಬೆಕ್ಕಿನ ಜಾತಿಯೇ ತಾನೆ. ಕಾಡಲ್ಲಿ ತನ್ನ ಜಾಗದ ಸುಳಿವು ಯಾರಿಗೋ ಸಿಕ್ಕಿತು ಅನ್ನಿಸಿದ್ರೆ ಮರಿಯ ಕುತ್ತಿಗೆ ಬಾಯಲ್ಲಿ ಮೆಲ್ಲಗೆ ಹಿಡಿದು, ಒಂದೊಂದಾಗಿ ಬೇರೆ ಪೊದೆಗೆ, ಬೇರೆ ಬಂಡೆ ಸಂದಿಗೆ ಸಾಗಿಸಿಬಿಡುತ್ತೆ. ಮೃಗಾಲಯದಲ್ಲಿ ಏಳು ಮನೆ ಎಲ್ಲಿಂದ ತರೋದು? ಇರೋದು ಎರಡೋ ಮೂರೋ ಕೋಣೆ. ಗಾಬರಿಬಿದ್ದ ತಾಯಿ ಮರಿಯನ್ನ ಬಾಯಲ್ಲಿ ಕಚ್ಚಿಕೊಂಡು ಅಷ್ಟರಲ್ಲೇ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಓಡಾಡೋಕೆ ಶುರು ಮಾಡುತ್ತೆ. ಇಳಿಸುತ್ತೆ, ಎತ್ತುತ್ತೆ, ಮತ್ತೆ ಇಳಿಸುತ್ತೆ. ನೂರಕ್ಕೂ ಮೀರಿ ತೂಗೋ ಮೈ, ಒಂದು ಕೆಜಿಯ ಮರಿ. ಅನಾಹುತ ಆಗೋದು ಇಲ್ಲೇ.

ಇದು ಬರೀ ಊಹೆಯ ಮಾತಲ್ಲ. 2025ರ ಜುಲೈನಲ್ಲಿ ಬೆಂಗಳೂರಿನ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಒಂದು ಹೆಣ್ಣು ಹುಲಿ ಮೂರು ಮರಿ ಹಾಕಿತು. ಆ ಹುಲಿಯ ಹೆಸರು ಹಿಮಾ ದಾಸ್. ಹೌದು, ಅಸ್ಸಾಮಿನ ಓಟಗಾರ್ತಿಯ ಹೆಸರೇ. ಹುಲಿ ಚಿಕ್ಕದಿದ್ದಾಗ ಅಭಿಮಾನಕ್ಕೆ ಇಟ್ಟದ್ದು. ಮರಿ ಹಾಕಿದ ಹಿಮಾ ಅವುಗಳನ್ನ ಹತ್ತಿರ ಸೇರಿಸಲಿಲ್ಲ. ತಾಯಿಯ ಕಾಲಡಿಗೆ ಸಿಕ್ಕಿ ಮರಿಗಳಿಗೆ ಪೆಟ್ಟಾಯಿತು. ಸಿಬ್ಬಂದಿ ಮರಿಗಳನ್ನ ಆಚೆ ತಂದು ಆರೈಕೆ ಮಾಡಿದರು. ಕೆಲವೇ ದಿನದಲ್ಲಿ ಮೂರೂ ಸತ್ತುಹೋದವು.

ಆ ಸುದ್ದಿ ಬಂದಾಗ ಜನ ಎರಡು ಥರ ಮಾತಾಡಿದರು. ಒಂದು, ‘ಎಂಥ ತಾಯಿ ಅದು’. ಇನ್ನೊಂದು, ‘ಮೊದಲೇ ಮರಿಗಳನ್ನ ಎತ್ತಿಕೊಂಡು ಬಾಟಲಿ ಹಾಲು ಕೊಡಬಾರದಿತ್ತಾ’. ಎರಡೂ ಮಾತು ಸ್ವಲ್ಪ ನಿಂತು ನೋಡಬೇಕಾದವು.

ಮೊದಲನೆಯದು. ಹುಲಿ ಮರಿಗಳನ್ನ ತೊರೆಯೋದು ಮೃಗಾಲಯದಲ್ಲಿ ಅಪರೂಪವಲ್ಲ. ಚೊಚ್ಚಲ ಹೆರಿಗೆ ಇರಬಹುದು. ಮರಿ ದುರ್ಬಲ ಅಂತ ತಾಯಿಗೆ ಹೇಗೋ ಗೊತ್ತಾಗಿರಬಹುದು. ಹಾಲು ಇಳಿಯದೇ ಇರಬಹುದು. ಹೊರಗಿನ ಸದ್ದು, ವಾಸನೆ, ಹೊಸ ಮುಖ ಏನೋ ಒಂದು ಕೆಣಕಿರಬಹುದು. ನಮ್ಮ ಊರಲ್ಲಿ ಚೊಚ್ಚಲು ಕರು ಹಾಕಿದ ಹಸು ಕೆಲವೊಮ್ಮೆ ಕರುವನ್ನ ಹತ್ತಿರ ಬಿಟ್ಟುಕೊಳ್ಳಲ್ಲ, ಒದೆಯುತ್ತೆ. ಅದಕ್ಕೆ ನಾವು ಕೆಟ್ಟ ತಾಯಿ ಅಂತ ಪಟ್ಟ ಕಟ್ಟಲ್ಲ. ಕಾಲು ಕಟ್ಟಿ, ಕರುವಿಗೆ ಹಾಲು ಕುಡಿಸಿ, ಎರಡು ದಿನ ತಾಳ್ಮೆಯಿಂದ ಒಗ್ಗಿಸ್ತೀವಿ. ಹುಲಿಗೆ ಹಾಗೆ ಕಾಲು ಕಟ್ಟೋಕಾಗುತ್ತಾ?

ಎರಡನೆಯದು ಇನ್ನೂ ಕಷ್ಟದ ಪ್ರಶ್ನೆ. ಯಾವಾಗ ಕೈ ಹಾಕಬೇಕು? ಬೇಗ ಎತ್ತಿಕೊಂಡ್ರೆ ಮರಿಗೆ ಗಿಣ್ಣುಹಾಲು ತಪ್ಪಿಹೋಗುತ್ತೆ. ಮೊದಲ ಒಂದೆರಡು ದಿನದ ಆ ಹಾಲಲ್ಲೇ ರೋಗ ತಡೆಯೋ ಶಕ್ತಿ ಇರೋದು, ಬಾಟಲಿ ಹಾಲಿಂದ ಅದು ಬರಲ್ಲ. ಅಲ್ಲದೆ ತಾಯಿ ಇನ್ನೇನು ಒಪ್ಪಿಕೊಳ್ಳೋ ಹೊತ್ತಿಗೆ ನಾವೇ ಕಿತ್ತುಕೊಂಡ ಹಾಗಾಗುತ್ತೆ. ತಡ ಮಾಡಿದ್ರೆ ಮರಿ ತಣ್ಣಗಾಗಿ ಬಿಡುತ್ತೆ, ಇಲ್ಲಾ ಕಾಲಡಿ ಸಿಗುತ್ತೆ. ಪರದೆ ಮುಂದೆ ಕೂತ ವೈದ್ಯರು ಗಂಟೆಗಟ್ಟಲೆ ಈ ಲೆಕ್ಕವನ್ನೇ ಹಾಕ್ತಿರ್ತಾರೆ. ತಾಯಿಯೇ ಸಾಕಲಿ, ಕೈಯಲ್ಲಿ ಸಾಕೋದು ಕೊನೇ ದಾರಿ ಅನ್ನೋದು ಈಗ ಬಹುತೇಕ ಎಲ್ಲ ಒಳ್ಳೇ ಮೃಗಾಲಯಗಳ ನಡೆ. ಕೈಯಲ್ಲಿ ಬೆಳೆದ ಹುಲಿಗೆ ತಾನು ಹುಲಿ ಅನ್ನೋ ಪಾಠ ಹೇಳಿಕೊಡೋರು ಯಾರೂ ಇರಲ್ಲ. ಮುಂದೆ ಅದು ತಾಯಾದಾಗ ಅದಕ್ಕೂ ಮರಿ ಸಾಕೋದು ಕಷ್ಟವಾಗಬಹುದು.

ಇದು ರಾಜ್ಯದ ಒಂದೇ ಕಡೆಯ ಕಷ್ಟವೂ ಅಲ್ಲ. 2023ರ ಮೇನಲ್ಲಿ ದೆಹಲಿ ಮೃಗಾಲಯದಲ್ಲಿ ಸಿದ್ಧಿ ಅನ್ನೋ ಹುಲಿ ಐದು ಮರಿ ಹಾಕಿತು. ಮೂರು ಹುಟ್ಟುವಾಗಲೇ ಸತ್ತಿದ್ದವು. ಅಲ್ಲಿ ಬಂಗಾಳ ಹುಲಿ ಮರಿ ಹಾಕಿದ್ದೇ 18 ವರ್ಷದ ನಂತರ. ಆ ಉಳಿದೆರಡು ಮರಿಗಳನ್ನ ನೋಡಬೇಕು ಅಂತ ಜನ ಎಷ್ಟು ಕಾತರದಿಂದ ಇದ್ದಿರಬಹುದು, ಯೋಚನೆ ಮಾಡಿ. ಬಾಗಿಲು ಮುಚ್ಚಿಡೋಕೆ ಧೈರ್ಯ ಬೇಕು.

ಸರಿ, ತಾಯಿ ಮರಿಗಳನ್ನ ಒಪ್ಪಿಕೊಂಡಿತು, ಕಣ್ಣು ಬಿಟ್ಟವು, ಒಂದು ತಿಂಗಳಾಯಿತು, ಕೋಣೆಯಲ್ಲಿ ಉರುಳಾಡ್ತಿವೆ. ಈಗಲಾದ್ರೂ ತೋರಿಸಬಹುದಲ್ಲ? ಈಗ ಎರಡನೇ ಭಯ ಶುರು. ಅದು ಕಣ್ಣಿಗೆ ಕಾಣದ್ದು.

ಗಿಣ್ಣುಹಾಲಿನ ಮೂಲಕ ತಾಯಿ ಕೊಟ್ಟ ರಕ್ಷಣೆ ಕೆಲವು ವಾರ ಇರುತ್ತೆ, ಆಮೇಲೆ ಇಳೀತಾ ಹೋಗುತ್ತೆ. ಅದು ಇರೋವರೆಗೆ ಲಸಿಕೆ ಹಾಕಿದ್ರೆ ಅಷ್ಟಾಗಿ ಹಿಡಿಯಲ್ಲ, ತಾಯಿಯ ರಕ್ಷಣೆಯೇ ಲಸಿಕೆಯನ್ನ ಕೆಲಸ ಮಾಡೋಕೆ ಬಿಡಲ್ಲ. ಅದು ಇಳಿದ ಮೇಲೆ, ಲಸಿಕೆಯ ಬಲ ಪೂರ್ತಿ ಬರೋಕೆ ಮುಂಚೆ, ನಡುವೆ ಒಂದು ಬರಿದಾದ ಕಾಲ ಬರುತ್ತೆ. ಆ ದಿನಗಳಲ್ಲಿ ಮರಿಗೆ ಅತ್ತ ತಾಯಿಯ ಕವಚವೂ ಇಲ್ಲ, ಇತ್ತ ಲಸಿಕೆಯ ಕವಚವೂ ಇಲ್ಲ. ಅದಕ್ಕೇ ಎರಡು ತಿಂಗಳ ಆಸುಪಾಸಿಗೆ ಶುರು ಮಾಡಿ, ಕೆಲವು ವಾರಕ್ಕೊಮ್ಮೆ ಲಸಿಕೆ ಮತ್ತೆ ಮತ್ತೆ ಹಾಕೋದು. ನಮ್ಮ ಮಕ್ಕಳಿಗೆ ತಾಯಿ ಕಾರ್ಡ್‌ನಲ್ಲಿ ದಿನಾಂಕ ಬರೆದು ಸರಣಿಯಾಗಿ ಹಾಕಿಸ್ತೀವಲ್ಲ, ಹಾಗೇ.

ಇಷ್ಟೆಲ್ಲ ಯಾಕೆ ಅನ್ನೋದಕ್ಕೂ ಬನ್ನೇರುಘಟ್ಟದ್ದೇ ಒಂದು ಕಹಿ ನೆನಪಿದೆ. 2023ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅಲ್ಲಿ ಏಳು ಚಿರತೆ ಮರಿಗಳು ಸತ್ತವು. ಮೂರರಿಂದ ಎಂಟು ತಿಂಗಳ ಮರಿಗಳು. ಕಾರಣ ಫೆಲೈನ್ ಪ್ಯಾನ್‌ಲ್ಯುಕೋಪೇನಿಯಾ ಅನ್ನೋ ವೈರಸ್. ಹೆಸರು ದೊಡ್ಡದು, ಆದ್ರೆ ರೋಗ ನಮ್ಮ ಬೀದಿ ಬೆಕ್ಕುಗಳಿಗೆ ಬರೋದೇ. ವಾಂತಿ, ಭೇದಿ, ಮೈಯಲ್ಲಿನ ಬಿಳಿ ರಕ್ತಕಣಗಳು ಕುಸಿಯೋದು, ನೋಡ್ತಾ ನೋಡ್ತಾ ಮರಿ ಸೊರಗಿ ಹೋಗೋದು. ಆ ಮರಿಗಳಿಗೆ ಲಸಿಕೆ ಹಾಕಿಯೇ ಇತ್ತು ಅಂತ ಉದ್ಯಾನದವರು ಆಗ ಹೇಳಿದ್ದರು. ಈ ವೈರಸ್ ಮೊಂಡು. ನೆಲದಲ್ಲಿ, ಪಾತ್ರೆಯಲ್ಲಿ, ಚಪ್ಪಲಿ ಅಡಿಯಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಸಾಮಾನ್ಯ ಸೋಪಿಗೆ ಜಗ್ಗಲ್ಲ, ಬ್ಲೀಚಿಂಗ್ ದ್ರಾವಣಕ್ಕೆ ಬಗ್ಗುತ್ತೆ.

ಹುಲಿ ಮನೆ ಬಾಗಿಲಲ್ಲಿ ಒಂದು ತಗ್ಗು ಮಾಡಿ ಔಷಧಿ ನೀರು ನಿಲ್ಲಿಸಿರ್ತಾರೆ, ಕೀಪರ್ ಅದರಲ್ಲಿ ಕಾಲದ್ದಿಯೇ ಒಳಗೆ ಹೋಗಬೇಕು. ಆಡಳಿತದ ದೊಡ್ಡ ಅಧಿಕಾರಿ ಬಂದ್ರೂ ಅಷ್ಟೆ, ಮಂತ್ರಿ ಬಂದ್ರೂ ಅಷ್ಟೆ ಆಗಬೇಕು. ಆಗುತ್ತಾ? ಅದು ಬೇರೆ ಮಾತು. ನನ್ನ ಕೇಳಿದ್ರೆ, ಮರಿ ಇರೋ ಮನೆಗೆ ಅತಿ ದೊಡ್ಡ ಅಪಾಯ ಟಿಕೆಟ್ ಕೊಂಡು ಕಂದಕದಾಚೆ ನಿಂತಿರೋ ನಮ್ಮ ಕಾನಾಹೊಸಹಳ್ಳಿಯ ಅಣ್ಣನಿಂದ ಬರಲ್ಲ. ‘ಒಂದೇ ನಿಮಿಷ, ಒಂದು ಸೆಲ್ಫಿ’ ಅಂತ ಹಿಂದಿನ ಬಾಗಿಲಿಂದ ಬರೋರಿಂದ ಬರುತ್ತೆ.

ಮೂರು ತಿಂಗಳಾಯಿತು ಅಂದುಕೊಳ್ಳಿ. ಲಸಿಕೆ ಆಗಿದೆ. ಮಾಂಸದ ರುಚಿ ಹತ್ತಿದೆ, ಹಾಲೂ ನಡೀತಿದೆ. ಈಗ ಹೊರಗಿನ ಪಾಠ. ಇದು ಹೆಚ್ಚಿನವರಿಗೆ ಗೊತ್ತಿಲ್ಲದ ಭಾಗ, ನನಗೆ ಅತ್ಯಂತ ಇಷ್ಟವಾದ ಭಾಗವೂ ಹೌದು.

ಕತ್ತಲ ಕೋಣೆಯಿಂದ ನೇರ ದೊಡ್ಡ ಬಯಲಿಗೆ ಬಿಡಲ್ಲ. ಕೋಣೆಗೆ ಅಂಟಿದ ಹಾಗೆ ಒಂದು ಚಿಕ್ಕ ಅಂಗಳ ಇರುತ್ತೆ, ಸುತ್ತ ಜಾಲರಿ, ಕ್ರಾಲ್ ಅಂತಾರೆ. ಮೊದಲು ಅಲ್ಲಿಗೆ. ಮರಿಗಳಿಗೆ ಅಲ್ಲಿ ಎಲ್ಲವೂ ಹೊಸದು. ಬಿಸಿಲು, ಮಣ್ಣು, ಹುಲ್ಲು, ಕಾಗೆ ಕೂಗು. ಅರ್ಧ ಗಂಟೆ ಬಿಟ್ಟು ಒಳಗೆ ಕರೀತಾರೆ. ಮರುದಿನ ಇನ್ನೊಂದಿಷ್ಟು ಹೊತ್ತು. ಅಷ್ಟರಲ್ಲಿ ಸಿಬ್ಬಂದಿ ದೊಡ್ಡ ಆವರಣವನ್ನ ಮರಿಯ ಕಣ್ಣಿಂದ ನೋಡೋಕೆ ಶುರು ಮಾಡ್ತಾರೆ. ದೊಡ್ಡ ಹುಲಿ ತೂರಲಾಗದ ಸಂದಿಯಲ್ಲಿ ಮರಿ ತೂರುತ್ತೆ. ಗೇಟಿನ ಅಡಿ ನಾಲ್ಕು ಬೆರಳು ಜಾಗ ಇದ್ರೂ ಸಾಕು. ಜಾಲರಿಗೆ ಕೆಳಗಡೆ ಇನ್ನೊಂದು ಸಣ್ಣ ಕಣ್ಣಿನ ಜಾಲರಿ ಕಟ್ಟಬೇಕು. ತುಂಡಾದ ತಂತಿ, ಗಾಜಿನ ಚೂರು, ಜನ ಎಸೆದ ಪ್ಲಾಸ್ಟಿಕ್ ಕವರ್ ಎಲ್ಲ ಹೆಕ್ಕಬೇಕು.

ಆಮೇಲೆ ನೀರು. ಹುಲಿ ಈಜುತ್ತೆ, ಸರಿ. ಆದ್ರೆ ಜನ ಮತ್ತು ಹುಲಿ ನಡುವಿನ ಕಂದಕದ ಗೋಡೆ ಕಡಿದಾಗಿರುತ್ತೆ, ಬಿದ್ದ ಮರಿ ಮೇಲೆ ಹತ್ತೋದು ಹೇಗೆ? ಕೆಲವರು ನೀರಿನ ಮಟ್ಟ ಇಳಿಸ್ತಾರೆ, ಕೆಲವರು ದಡಕ್ಕೆ ಇಳಿಜಾರು ಮಾಡ್ತಾರೆ. ಅಮೆರಿಕದ ವಾಷಿಂಗ್ಟನ್‌ನಲ್ಲಿರೋ ರಾಷ್ಟ್ರೀಯ ಮೃಗಾಲಯದವರು ಒಂದು ಪರೀಕ್ಷೆಯನ್ನೇ ಇಟ್ಟಿದ್ದಾರೆ. 2013ರ ಆಗಸ್ಟ್‌ನಲ್ಲಿ ಅಲ್ಲಿ ಎರಡು ಸುಮಾತ್ರಾ ಹುಲಿ ಮರಿ ಹುಟ್ಟಿದ್ದವು, ಬಂದರ್ ಮತ್ತು ಸುಕಾಚಿತಾ ಅಂತ. ನವೆಂಬರ್‌ನಲ್ಲಿ ಜನರಿಗೆ ತೋರಿಸೋಕೆ ಮುಂಚೆ ಕೀಪರ್‌ಗಳು ಅವುಗಳನ್ನ ಒಂದೊಂದಾಗಿ ಆವರಣದ ನೀರಿಗೆ ಇಳಿಸಿದರು. ತಲೆ ಮೇಲೆತ್ತಿಕೊಂಡು, ದಡ ಎಲ್ಲಿದೆ ಅಂತ ನೋಡಿ, ಈಜಿ, ತಾವೇ ಹತ್ತಿ ಬರಬೇಕು. ಎರಡೂ ಪಾಸಾದವು. ನಮ್ಮೂರ ಬಾವಿಗೆ ಮಕ್ಕಳನ್ನ ಹಾಗೇ ದೂಡಿ ಈಜು ಕಲಿಸ್ತಿದ್ದರಲ್ಲ, ನನಗೆ ಅದೇ ನೆನಪಾಯಿತು. ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿರಲಿಲ್ಲ, ಅಷ್ಟೇ ವ್ಯತ್ಯಾಸ.

ಇವೆಲ್ಲಕ್ಕಿಂತ ಮುಖ್ಯವಾದ ಪಾಠ ಒಂದಿದೆ, ಅದು ಹೊರಗೆ ಹೋಗೋದಲ್ಲ, ಒಳಗೆ ಬರೋದು. ಸಂಜೆ ಕರೆದಾಗ ಮರಿಗಳು ತಾಯಿ ಹಿಂದೆ ರಾತ್ರಿ ಮನೆಗೆ ಬರಬೇಕು. ಬರದಿದ್ರೆ ಏನು ಮಾಡ್ತೀರಿ? ತಾಯಿ ಹುಲಿ ಅಲ್ಲೇ ಇರುವಾಗ ಆವರಣದೊಳಗೆ ಇಳಿದು ಮರಿ ಎತ್ತಿಕೊಂಡು ಬರೋನು ಯಾವ ಗಂಡಸು? ಹಾಗಾಗಿ ದಿನವೂ ಒಂದೇ ಹೊತ್ತಿಗೆ, ಒಂದೇ ಸದ್ದು ಮಾಡಿ, ಒಳಗೆ ಮಾಂಸ ಇಟ್ಟು ರೂಢಿ ಮಾಡಿಸ್ತಾರೆ. ಗೇಟಿನ ಸದ್ದಿಗೆ ಹೆದರಿ ಮೂಲೆ ಸೇರದಂತೆ ಗೇಟನ್ನ ಎಷ್ಟೋ ಸಲ ಸುಮ್ಮನೆ ತೆಗೆದು ಹಾಕಿ ಮಾಡ್ತಾರೆ. ಈ ಪಾಠ ಪಕ್ಕಾ ಆಗೋವರೆಗೆ ಜನರನ್ನ ಬಿಟ್ಟುಕೊಳ್ಳೋದು ಅಪಾಯ.

ನಮ್ಮ ಭಾಗಕ್ಕೆ ಇದರ ಜೊತೆ ಬಿಸಿಲು ಬೇರೆ. ಹೊಸಪೇಟೆ, ಬಳ್ಳಾರಿ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತೆ, ಬಂಡೆಗಳು ರಾತ್ರಿ ಹನ್ನೊಂದಾದ್ರೂ ಕಾವು ಬಿಡ್ತಿರ್ತವೆ. ಅಂಥ ಕಡೆ ಮಾರ್ಚ್‌ನಲ್ಲಿ ಹುಟ್ಟಿದ ಮರಿಯನ್ನ ಜೂನ್ ಮಳೆ ಬರೋವರೆಗೆ ಒಳಗೇ ಇಡೋದು ಬುದ್ಧಿವಂತಿಕೆ. ‘ಬೇಸಿಗೆ ರಜೆಗೆ ಮಕ್ಕಳು ಬರ್ತಾರೆ, ಅಷ್ಟರಲ್ಲಿ ಬಿಡಿ’ ಅನ್ನೋ ಒತ್ತಡ ಬರೋದೂ ಸರಿಯಾಗಿ ಆ ತಿಂಗಳಲ್ಲೇ.

ಒಟ್ಟು ಎಷ್ಟು ದಿನ ಹಿಡಿಯುತ್ತೆ ಅಂದ್ರೆ, ಒಂದು ಲೆಕ್ಕ ಕೊಡ್ತೀನಿ. ದೆಹಲಿಯಲ್ಲೇ ಸೀತಾ ಅನ್ನೋ ಬಿಳಿ ಹುಲಿ 2022ರ ಆಗಸ್ಟ್‌ನಲ್ಲಿ ಮರಿ ಹಾಕಿತ್ತು. ಆ ಮರಿಗಳನ್ನ ಜನ ನೋಡೋ ಆವರಣಕ್ಕೆ ಬಿಟ್ಟದ್ದು 2023ರ ಏಪ್ರಿಲ್‌ನಲ್ಲಿ. ಎಂಟು ತಿಂಗಳು. ಕೇಂದ್ರ ಅರಣ್ಯ ಸಚಿವರು ಬಂದು ಅವನಿ, ವ್ಯೋಮ ಅಂತ ಹೆಸರಿಟ್ಟಿದ್ದೂ ಆವತ್ತೇ. ವಾಷಿಂಗ್ಟನ್‌ನಲ್ಲಿ ಮೂರು ತಿಂಗಳಿಗೆ, ದೆಹಲಿಯಲ್ಲಿ ಎಂಟು ತಿಂಗಳಿಗೆ. ಹಾಗಾಗಿ ‘ಇಂಥ ದಿನಕ್ಕೆ ಬಿಡಬೇಕು’ ಅಂತ ಪಂಚಾಂಗ ಇಲ್ಲ. ತಾಯಿ ಹೇಗಿದೆ, ಮರಿ ಹೇಗಿದೆ, ಆವರಣ ಹೇಗಿದೆ, ಹವೆ ಹೇಗಿದೆ, ಅದರ ಮೇಲೆ.

ಈಗ ಒಬ್ಬರು ಕೇಳಬಹುದು, ಇಷ್ಟೆಲ್ಲ ಕಷ್ಟ ಯಾಕೆ, ಮರಿಯನ್ನ ಬುಟ್ಟಿಯಲ್ಲಿ ತಂದು ಒಂದು ಕೋಣೆಯಲ್ಲಿ ಇಟ್ಟು, ಜನರಿಗೆ ಮುಟ್ಟೋಕೂ ಬಿಟ್ಟು, ಫೋಟೋಗೆ ಇಷ್ಟು ಅಂತ ದುಡ್ಡು ತಗೊಂಡ್ರೆ ಆಗಲ್ವಾ ಅಂತ. ಅದನ್ನೂ ಮಾಡಿ ನೋಡಿದವರಿದ್ದಾರೆ. ಥಾಯ್ಲೆಂಡಿನ ಕಾಂಚನಬುರಿಯಲ್ಲಿ ‘ಹುಲಿ ದೇವಾಲಯ’ ಅಂತಲೇ ಪ್ರಸಿದ್ಧವಾಗಿದ್ದ ಒಂದು ಬೌದ್ಧ ವಿಹಾರ ಇತ್ತು. ಪ್ರವಾಸಿಗರು ಮರಿಗೆ ಬಾಟಲಿ ಹಾಲು ಕುಡಿಸಬಹುದು, ತೊಡೆ ಮೇಲೆ ಕೂರಿಸಿಕೊಳ್ಳಬಹುದು. 2016ರ ಜೂನ್‌ನಲ್ಲಿ ಅಧಿಕಾರಿಗಳು ದಾಳಿ ಮಾಡಿ ನೂರಕ್ಕೂ ಹೆಚ್ಚು ಹುಲಿಗಳನ್ನ ಹೊರಗೆ ತಂದರು. ಅಲ್ಲಿನ ಫ್ರೀಜರ್ ತೆಗೆದಾಗ ಒಳಗೆ 40 ಹುಲಿ ಮರಿಗಳ ಶವ ಸಿಕ್ಕವು. ಫೋಟೋ ವ್ಯಾಪಾರಕ್ಕೆ ಸದಾ ಚಿಕ್ಕ ಮರಿಯೇ ಬೇಕು, ಮರಿ ನಾಲ್ಕು ತಿಂಗಳಿಗೇ ಕಚ್ಚೋಷ್ಟು ದೊಡ್ಡದಾಗುತ್ತೆ, ಮತ್ತೆ ಹೊಸ ಮರಿ ಬೇಕು. ಅಮೆರಿಕದಲ್ಲೂ ರಸ್ತೆ ಬದಿಯ ಖಾಸಗಿ ಮೃಗಾಲಯಗಳಲ್ಲಿ ಈ ದಂಧೆ ಜೋರಾಗಿತ್ತು. 2022ರ ಡಿಸೆಂಬರ್‌ನಲ್ಲಿ ಕಾನೂನು ತಂದು, ಜನ ದೊಡ್ಡ ಬೆಕ್ಕುಗಳ ಮರಿಗಳನ್ನ ಮುಟ್ಟೋದನ್ನೇ ನಿಲ್ಲಿಸಿದರು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಸೆಕ್ಷನ್ ಇದೆ. ಮೃಗಾಲಯದ ಪ್ರಾಣಿಯನ್ನ ಕೆಣಕೋದು, ತಿನ್ನೋಕೆ ಹಾಕೋದು, ಗದ್ದಲ ಮಾಡಿ ತೊಂದರೆ ಕೊಡೋದು, ಕಸ ಎಸೆಯೋದು ಎಲ್ಲವೂ ಅಪರಾಧ. ಹುಲಿ ಮುಖ ತಿರುಗಿಸಲಿ ಅಂತ ಸಿಳ್ಳೆ ಹಾಕೋದೂ ಅದರಲ್ಲೇ ಬಂತು.

ಒಂದು ಅಡ್ಡಮಾತು. ಮೃಗಾಲಯದಲ್ಲಿ ಹುಲಿ ಮರಿ ಹುಟ್ಟಿದ ಕೂಡಲೇ ‘ಹುಲಿ ಸಂತತಿ ಹೆಚ್ಚಿತು’ ಅಂತ ಹೆಡ್‌ಲೈನ್ ಬರುತ್ತೆ. ನಮ್ಮ ವೃತ್ತಿಯವರದ್ದೇ ತಪ್ಪು, ಒಪ್ಪಿಕೊಳ್ತೀನಿ. 2022ರ ಗಣತಿಯಲ್ಲಿ ಕರ್ನಾಟಕದ ಕಾಡಲ್ಲಿ 563 ಹುಲಿ ಅಂದಾಜು ಸಿಕ್ಕವು, ಮಧ್ಯಪ್ರದೇಶದ ನಂತರ ನಾವೇ. ಆ ಸಂಖ್ಯೆ ಬಂದದ್ದು ಬಂಡೀಪುರ, ನಾಗರಹೊಳೆಯಂಥ ಕಾಡು ಉಳಿದದ್ದರಿಂದ, ಮೃಗಾಲಯದ ಮರಿಯಿಂದಲ್ಲ. ಬೋನಲ್ಲಿ ಹುಟ್ಟಿದ ಮರಿ ನಮ್ಮ ಕಾಡಿಗೆ ಹೋಗಲ್ಲ. ಅದು ಅಲ್ಲೇ, ಇಲ್ಲಾ ವಿನಿಮಯದಲ್ಲಿ ಇನ್ನೊಂದು ಮೃಗಾಲಯದಲ್ಲಿ, 15–20 ವರ್ಷ ಬದುಕುತ್ತೆ. ಅಷ್ಟು ವರ್ಷದ ಜಾಗ, ಮಾಂಸ, ಸಿಬ್ಬಂದಿ ಇದೆಯಾ ಅಂತ ಲೆಕ್ಕ ಹಾಕಿಯೇ ಜೋಡಿ ಮಾಡಬೇಕು. ಬೇಡ ಅನ್ನಿಸಿದ್ರೆ ಗಂಡು ಹೆಣ್ಣನ್ನ ಬೇರೆ ಬೇರೆ ಇಡೋದೂ ಉಂಟು.

ಹಾಗಂತ ಮೃಗಾಲಯದವರು ಮಾಡೋದೆಲ್ಲ ಸರಿ ಅಂತ ನಾನು ಹೇಳ್ತಿಲ್ಲ. ನಮ್ಮ ಕೇಳುಗರ ಸಿಟ್ಟಲ್ಲಿ ಅರ್ಧ ನ್ಯಾಯ ಇದೆ. ಜನರ ಟಿಕೆಟ್ ದುಡ್ಡಲ್ಲಿ, ತೆರಿಗೆ ದುಡ್ಡಲ್ಲಿ ನಡೆಯೋ ಜಾಗ ಅದು. ಹುಟ್ಟಿದ ದಿನ ಫೋಟೋ ಕೊಟ್ಟು, ಆಮೇಲೆ ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡ್ರೆ ಜನ ಏನು ತಿಳ್ಕೋಬೇಕು? ಒಳಗಿನ ಕ್ಯಾಮೆರಾ ಇದ್ದೇ ಇದೆ. ವಾರಕ್ಕೊಂದು ಎರಡು ನಿಮಿಷದ ವಿಡಿಯೊ ಹೊರಗೆ ಹಾಕಲಿ, ಗೇಟಿನ ಪಕ್ಕ ಒಂದು ಟಿವಿಯಲ್ಲಿ ಅದನ್ನ ಓಡಿಸಲಿ. ಅಲ್ಲಿವರೆಗೆ ಹೋದ ಮಗುವಿಗೆ ಅಷ್ಟಾದ್ರೂ ಸಿಗಲಿ. ಟಿಕೆಟ್ ಕೌಂಟರ್‌ನಲ್ಲೇ ‘ಮರಿಗಳನ್ನು ಇನ್ನೂ ಹೊರಗೆ ಬಿಟ್ಟಿಲ್ಲ’ ಅಂತ ಬೋರ್ಡ್ ಹಾಕಲಿ. ಮರಿ ಸತ್ತರೆ ಅದನ್ನೂ ಅದೇ ಬೋರ್ಡಲ್ಲಿ ಬರೀಲಿ. ಮುಚ್ಚಿಟ್ಟ ಸಾವೇ ಆಮೇಲೆ ಅನುಮಾನಕ್ಕೆ ಮೂಲವಾಗೋದು.

ನಮ್ಮ ಭಾಗದವರಿಗೆ ದೂರದಿಂದ ನೋಡೋ ಸುಖ ಗೊತ್ತಿಲ್ಲದ್ದೇನಲ್ಲ. ಕಮಲಾಪುರದಿಂದ ಸ್ವಲ್ಪ ಮುಂದೆ ದರೋಜಿ ಕರಡಿಧಾಮ ಇದೆ, 1994ರಿಂದ. ಮಧ್ಯಾಹ್ನ ಸಿಬ್ಬಂದಿ ಬಂಡೆಗಳ ಮೇಲೆ ಬೆಲ್ಲ ಸವರಿ ಹೋಗ್ತಾರೆ. ಜನ ದೂರದ ಗೋಪುರದಲ್ಲಿ ಉಸಿರು ಬಿಗಿಹಿಡಿದು ಕೂತಿರ್ತಾರೆ. ಬಿಸಿಲು ಇಳಿಯೋ ಹೊತ್ತಿಗೆ ಗುಡ್ಡದ ಸಂದಿಯಿಂದ ಒಂದು ಕಪ್ಪು ಚುಕ್ಕೆ ಹೊರಡುತ್ತೆ. ಕಣ್ಣು ಕಿರಿದು ಮಾಡಿ ನೋಡಿದ್ರೆ ಅದರ ಬೆನ್ನ ಮೇಲೆ ಇನ್ನೊಂದು ಚುಕ್ಕೆ, ಮರಿ. ಯಾರೂ ಕೂಗಲ್ಲ, ಕೂಗಿದ್ರೆ ಕರಡಿ ಹಿಂದಕ್ಕೆ ಹೋಗುತ್ತೆ ಅಂತ ಎಲ್ಲರಿಗೂ ಗೊತ್ತು. ಹುಲಿ ಮರಿ ಬಿಟ್ಟಿದ್ದಾರೆ ಅಂತ ಗೊತ್ತಾಗಿ ಎಲ್ಲಿಗಾದ್ರೂ ಹೋಗೋದಿದ್ರೆ ಇದೇ ಲೆಕ್ಕ ಇಟ್ಟುಕೊಳ್ಳಿ. ಭಾನುವಾರದ ನಡು ಮಧ್ಯಾಹ್ನ ಬೇಡ, ಹುಲಿಯೂ ಮಲಗಿರುತ್ತೆ. ಬೆಳಿಗ್ಗೆ ಗೇಟ್ ತೆಗೆದ ಹೊತ್ತಿಗೆ ಹೋಗಿ, ಮೊದಲೇ ಫೋನ್ ಮಾಡಿ ಕೇಳಿ. ಫ್ಲ್ಯಾಶ್ ಆಫ್ ಮಾಡಿ. ಮಗುವನ್ನ ಕಟಕಟೆ ಮೇಲೆ ಮಾತ್ರ ಹತ್ತಿಸಬೇಡಿ.

ಈ ಸಂಚಿಕೆ ರೆಕಾರ್ಡ್ ಮಾಡೋಕೆ ಮುಂಚೆ ಕಾನಾಹೊಸಹಳ್ಳಿಯ ಆ ಅಣ್ಣನಿಗೆ ಫೋನ್ ಮಾಡಿ ಇದಿಷ್ಟನ್ನೂ ಹೇಳಿದೆ. ‘ಹಂಗಾ ಸರ್’ ಅಂದರು, ಸಿಟ್ಟು ಇಳಿದಿತ್ತು. ಮಗಳ ಕೈಗೆ ಫೋನ್ ಕೊಟ್ಟರು. ನಾಲ್ಕನೇ ಕ್ಲಾಸ್ ಅಂತೆ. ಅವಳು ಕೇಳಿದ್ದು ಒಂದೇ, ‘ಹೊರಗೆ ಹೋಗ್ಬೌದು ಅಂತ ಮರಿಗೆ ಯಾರು ಹೇಳ್ತಾರೆ?’

ತಾಯಿ ಹೇಳುತ್ತೆ ಪುಟ್ಟಿ, ಅಂದೆ. ಗೇಟ್ ತೆಗೆದ ದಿನ ಮೊದಲು ತಾಯಿ ಒಂದೇ ಹೊರಗೆ ಬರುತ್ತೆ. ಗೋಡೆ ಉದ್ದಕ್ಕೂ ಮೂಸ್ತಾ ಒಂದು ಸುತ್ತು ಹಾಕುತ್ತೆ. ಮರಿಗಳು ಹೊಸ್ತಿಲಲ್ಲೇ ನಿಂತು ನೋಡ್ತಿರ್ತವೆ, ಒಂದು ಕಾಲು ಹೊರಗೆ, ಮೂರು ಕಾಲು ಒಳಗೆ. ತಾಯಿಗೆ ಎಲ್ಲ ಸರಿ ಅನ್ನಿಸಿದ್ರೆ ತಿರುಗಿ ಬಂದು ಮೂಗಲ್ಲಿ ಮೆಲ್ಲಗೆ ‘ಫ್ರ್ರ್ ಫ್ರ್ರ್’ ಅಂತ ಸದ್ದು ಮಾಡುತ್ತೆ. ಕುದುರೆ ಮೂಗಲ್ಲಿ ಮಾಡುತ್ತಲ್ಲ, ಹೆಚ್ಚು ಕಮ್ಮಿ ಹಾಗೆ. ಆಗ ಒಂದು ಮರಿ ಇಳಿಯುತ್ತೆ, ಅದರ ಹಿಂದೆ ಇನ್ನೊಂದು.

ಆ ಕಡೆಯಿಂದ ಫೋನಲ್ಲಿ ಅವಳು ಆ ಸದ್ದು ಮಾಡಿ ನೋಡ್ತಿದ್ದಳು.